ಅರ್ಧ ಅಂಕ

ಹನ್ನೊಂದಕ್ಕೇ ಕಾರಟಗಿಯ ತಗಡುಗಳು ಕಾದಿದ್ದವು.
ಸ್ಟಾಫ್ ರೂಮಿನ ಫ್ಯಾನು ಪೇಪರುಗಳನ್ನಷ್ಟೇ ಅಲ್ಲಾಡಿಸುತ್ತಿತ್ತು,
ಬೆವರಿಗೆ ಅದರ ಸುದ್ದಿಯಿಲ್ಲ.
ಎಂಟನೇ ತರಗತಿ, ವಿಜ್ಞಾನ, ನಲವತ್ಮೂರು ಪೇಪರು.
ಕೆಂಪು ಪೆನ್ನು ತಾನೇ ನಡೆಯುತ್ತಿತ್ತು, ದಾರಿ ಗೊತ್ತಿದ್ದ ಎತ್ತಿನಂತೆ:

ಬೆಲ್ಲ ನೀರಲ್ಲಿ ಕರಗಿತು. ಭೌತ. ಸರಿ.
ಹಾಲು ಹೆಪ್ಪಾಯಿತು. ರಾಸಾಯನಿಕ. ಸರಿ.
ಜೋಳ ಬೀಸಿ ಹಿಟ್ಟಾಯಿತು. ಭೌತ. ಸರಿ.
ಅಕ್ಕಿ ಮಂಡಕ್ಕಿಯಾಯಿತು.

ನಲವತ್ತೆರಡು ಮಂದಿ ರಾಸಾಯನಿಕ ಅಂದಿದ್ದರು,
ನಾನು ಹೇಳಿಕೊಟ್ಟ ಹಾಗೆ:
ತಿರುಗಿ ಬಂದರೆ ಭೌತ, ಬರದಿದ್ದರೆ ರಾಸಾಯನಿಕ.
ಗಾದೆಯಷ್ಟು ಚಿಕ್ಕದು, ಬಾಯಿಪಾಠಕ್ಕೆ ಹಗುರ.
ಹಸನಬಿ ಒಬ್ಬಳು ಭೌತ ಎಂದು ಬರೆದು
ಕೆಳಗೆ ಎರಡು ಗೆರೆ ಎಳೆದಿದ್ದಳು, ಸಿಟ್ಟು ಬಂದವರ ಹಾಗೆ.
ಅಡ್ಡ ಗೀಟು ಹಾಕಿದೆ. ಅರ್ಧ ಅಂಕ ಹೋಯಿತು.

ಪೇಪರು ಹಂಚಿದ ಮರುದಿನ, ಪ್ರಾರ್ಥನೆಗೂ ಮುಂಚೆ,
ಮೇಜಿನ ಮುಂದೆ ನಿಂತಿದ್ದಳು.
ಕೈಯಲ್ಲಿ ಪೊಟ್ಟಣ, ಇನ್ನೂ ಬೆಚ್ಚಗಿನ ಮಂಡಕ್ಕಿ.
“ಟೀಚರ್ ರೀ, ಹಿಟ್ಟು ಮತ್ತ ಕಾಳು ಆಕ್ಕೈತೇನ್ರಿ?”
ಇಲ್ಲ.
“ಅದಕ್ಕ ಭೌತ ಅಂದ್ರ ಸರಿ ಹಾಕೀರಿ.”
ಹೂಂ.
“ಇದಕ್ಯಾಕ ತಪ್ಪು?”
ನನಗೆ ಉತ್ತರ ಬರಲಿಲ್ಲ. ಗಂಟೆ ಬಾರಿಸಿತು.
ಆ ಗಂಟೆಗೆ ನಾನು ಋಣಿ.

ರಾತ್ರಿ ಅಡುಗೆಮನೆಯಲ್ಲೂ ಅದೇ ಪರೀಕ್ಷೆ.
ಹಿಟ್ಟಿಗೆ ಬಿಸಿನೀರು ಬಿದ್ದು ಮುದ್ದೆಯಾಯಿತು, ಇದೇನು?
ಹಂಚಿನ ಮೇಲೆ ರೊಟ್ಟಿಗೆ ಚುಕ್ಕೆ ಚುಕ್ಕೆ ಕಂದು ಹತ್ತಿತು, ಇದೇನು?
ಬದನೆಕಾಯಿ ಹೆಚ್ಚುತ್ತಿದ್ದಂತೆ ಕಪ್ಪಿಟ್ಟಿತು.
ಹೋಳಾದದ್ದು ಒಂದು, ಕಪ್ಪಿಟ್ಟದ್ದು ಇನ್ನೊಂದು,
ಒಂದೇ ಈಳಿಗೆ, ಎರಡು ಉತ್ತರ.
ಉಪ್ಪೊಂದೇ ನಿಯತ್ತಿನದು, ಎಲ್ಲಿ ಕರಗಿದರೂ ಉಪ್ಪೇ.

ಭಾನುವಾರ ನಸುಕಿಗೆ ನವಲಿ ರಸ್ತೆಯ ಭಟ್ಟಿಗೆ ಹೋದೆ.
ಅವಳ ತಾಯಿ ಪೀರಮ್ಮ ಒಲೆಯ ಬಾಯಿಗೆ
ಮೊರಗಟ್ಟಲೆ ಭತ್ತದ ಹೊಟ್ಟು ಸುರಿಯುತ್ತಿದ್ದಳು.
ಉಪ್ಪುನೀರು ಕುಡಿದು ಒಣಗಿದ ಅಕ್ಕಿ
ಕಾದ ಮರಳಿಗೆ ಬಿದ್ದದ್ದೇ ತಡ
ಒಂದು ಉಸಿರು ಹಿಡಿದು ಬಿಡುವಷ್ಟರಲ್ಲಿ
ಕಡಾಯಿ ತುಂಬ ಬಿಳಿ.
ಜರಡಿ ಹಿಡಿದರೆ ಮರಳು ಮರಳಾಗಿಯೇ ಕೆಳಗಿಳಿಯಿತು,
ಏನೂ ಆಗದವರ ಹಾಗೆ.

“ಒಳಗಿನ ಹಸಿ ಹಬಿ ಆಗಿ ಹೊರಗ ಬರಾಕ ಒದ್ದಾಡ್ತೈತ್ರಿ,
ಅಕ್ಕಿ ಉಬ್ಬತೈತಿ, ಅಷ್ಟ. ಅಕ್ಕಿ ಅಕ್ಕಿನ.”
ತಳದಲ್ಲಿ ಕರ್ರಗಾದ ನಾಲ್ಕು ಕಾಳು ಆರಿಸಿ ನನ್ನ ಅಂಗೈಗಿಟ್ಟಳು:
“ಇವು ನೋಡ್ರಿ ರಾಸಾಯನಿಕ. ಕೋಳಿನೂ ಮೂಸಂಗಿಲ್ಲ.”

ನಾನು ಒಲೆಯನ್ನೇ ನೋಡುತ್ತಿದ್ದೆ.
ಗದ್ದೆಯಲ್ಲಿ ಒಂದೇ ಕಾಳು, ಮೈಗಂಟಿದ ಅಂಗಿ.
ಮಿಲ್ಲಿನಲ್ಲಿ ಬಿಚ್ಚಿಸಿಕೊಂಡ ಮೇಲೆ
ಅಂಗಿ ಕೆಳಗೆ ಉರಿಯುತ್ತಿದೆ, ಮೈ ಮೇಲೆ ಅರಳುತ್ತಿದೆ.
ಹೊಟ್ಟು ಬೂದಿಯಾಯಿತು, ಹೊಗೆಯಾಯಿತು, ಬೇರೆಯೇ ಏನೋ ಆಯಿತು.
ಅಕ್ಕಿ ಹಿಗ್ಗಿತು.
ಎರಡೂ ತಿರುಗಿ ಬರುವುದಿಲ್ಲ.
ಬರದಿರುವುದು ಬೇರೆ, ಬೇರೆಯಾಗುವುದು ಬೇರೆ,
ಹದಿನೇಳು ವರ್ಷ ನಾನು ಇವೆರಡನ್ನೂ ಒಂದೇ ಡಬ್ಬಿಗೆ ತುಂಬಿ
ಮುಚ್ಚಳ ಬಿಗಿದಿದ್ದೆ.

ಪೀರಮ್ಮನಿಗೆ ಈ ವ್ಯಾಜ್ಯ ತಿಳಿಯಲಿಲ್ಲ, ಅಥವಾ ಬಿಡುವಿರಲಿಲ್ಲ.
“ತಿನ್ರಿ ಟೀಚರ, ಮೆತ್ತಗಾಕ್ಕಾವು” ಎಂದು
ಸೇರು ತುಂಬಿ, ಮೇಲೊಂದು ಹಿಡಿ ಕೊಸರು ಹಾಕಿದಳು.

ಮನೆಗೆ ಬಂದು ಪೊಟ್ಟಣ ಬಿಚ್ಚಿದೆ.
ಖಾರವಿಲ್ಲ, ಉಳ್ಳಾಗಡ್ಡಿಯಿಲ್ಲ, ಬರೀ ಮಂಡಕ್ಕಿ.
ಜಗಿದೆ. ಮೊದಲು ಉಪ್ಪು,
ಆಮೇಲೆ ಅಕ್ಕಿಯದೇ ಸಪ್ಪೆ.
ನುಂಗದೆ ಇನ್ನೂ ಜಗಿದೆ.
ನಿಧಾನಕ್ಕೆ ಸಿಹಿಯಾಯಿತು.
ಅಷ್ಟು ಬೆಂಕಿ ಮಾಡದ್ದನ್ನು
ಎಂಜಲು ಮಾಡುತ್ತಿತ್ತು, ಸದ್ದಿಲ್ಲದೆ.

ಹಸನಬಿಗೆ ಅರ್ಧ ಅಂಕ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಮಾಡಿದೆ.
ಉಳಿದ ನಲವತ್ತೆರಡು ಮಂದಿಯದು?
ನನ್ನನ್ನು ನಂಬಿ ತಪ್ಪು ಬರೆದವರು ಅವರು.
ಕಳೆಯಲೇ?
ಕೆಂಪು ಪೆನ್ನಿನ ಮುಚ್ಚಳ ತೆರೆದೇ ಇದೆ.
ಸೋಮವಾರ ಮೊದಲ ಪೀರಿಯಡ್ ಎಂಟನೇದು.
ಪೊಟ್ಟಣದಲ್ಲಿ ಅರ್ಧ ಉಳಿದಿದೆ, ಅಷ್ಟೂ ಬಾಯಿಗೆ ಸಾಲದು.
ಪೀರಮ್ಮನಿಗೆ ಇನ್ನೆರಡು ಸೇರು ಹೇಳಿ ಬರಬೇಕು.